ರೋಗಿಯ ಹೆಸರು, ರೋಗದ ಹೆಸರು



ರೋಗಕ್ಕೆ ಹೆಸರಿಡುವುದರಲ್ಲಿ ನಿಪುಣನಾದವನು ವೈದ್ಯನೆಂಬ ನಂಬಿಕೆಯನ್ನು ಹೊತ್ತು ನಾನು ಅಮೆರಿಕದ ಮಿನಿಯಾಪೊಲಿಸ್ ನಗರಕ್ಕೆ ಹೋದವನು. ಆ ನಂಬಿಕೆಯನ್ನು ಅಲ್ಲಾಡಿಸಿದವರು ಸೋಮಾಲಿಯಾದಿಂದ ಬಂದ ರೋಗಿಗಳು. 1991ರ ಜನವರಿಯಲ್ಲಿ ಸಿಯಾದ್ ಬರ್ರೆಯ ಸರ್ಕಾರವು ಉರುಳಿ ದೇಶವು ಅಂತಃಕಲಹಕ್ಕೆ ತುತ್ತಾದ ಮೇಲೆ, ಕೀನ್ಯಾದ ದದಾಬ್ ಶಿಬಿರಗಳಲ್ಲಿ ವರ್ಷಾನುಗಟ್ಟಲೆ ಕಾದು, ಒಂಟೆಯ ಹಾಲಿನ ರುಚಿಯನ್ನಷ್ಟೇ ನೆನಪಿನಲ್ಲಿ ಉಳಿಸಿಕೊಂಡು, ಮಿಸಿಸಿಪ್ಪಿ ನದಿಯ ಬಳಿಯ ಸೀಡರ್-ರಿವರ್‌ಸೈಡ್ ಬಡಾವಣೆಯ ಎತ್ತರದ ವಸತಿಗೋಪುರಗಳಲ್ಲಿ ಬಂದು ನೆಲೆಸಿದ ಜನ ಅವರು. ಅಮೆರಿಕದಲ್ಲಿ ಸೋಮಾಲಿಗಳು ಅತ್ಯಧಿಕ ಸಂಖ್ಯೆಯಲ್ಲಿರುವುದು ಈ ನಗರವಿರುವ ಮಿನೆಸೋಟ ರಾಜ್ಯದಲ್ಲಿಯೇ.

ತೊಡಕು ಹೆಸರಿನಿಂದಲೇ ಮೊದಲಾಗುತ್ತದೆ. ಸೋಮಾಲಿಗಳಲ್ಲಿ ಮನೆತನದ ಹೆಸರೆಂಬುದಿಲ್ಲ. ತನ್ನ ಹೆಸರು, ಅದರ ಬೆನ್ನಿಗೆ ತಂದೆಯದು, ಅದರ ಬೆನ್ನಿಗೆ ಅಜ್ಜನದು. ಹೆಣ್ಣು ಮದುವೆಯಾದಳೆಂದು ಅದು ಬದಲಾಗುವುದಿಲ್ಲ. ಆಸ್ಪತ್ರೆಯ ಕಡತವಾದರೋ ಕೊನೆಯ ಹೆಸರನ್ನು ಹಿಡಿದು ಕೂಗುವುದು. ಅಜ್ಜನ ಹೆಸರಿಗೆ ಮೊಮ್ಮಗಳು ಓಗೊಡಲಿಲ್ಲವೆಂದು ದಾದಿ ಬೇಸರಪಡುವಳು. ಅಲ್ಲಿಯವರು ನನ್ನನ್ನೂ ಬಹುಕಾಲ ನನ್ನ ತಂದೆಯ ಹೆಸರಿನಿಂದಲೇ ಕರೆದರು; ನಾನು ಓಗೊಟ್ಟೆ, ಸಂಬಳದ ಚೀಟಿಯೂ ಆ ಹೆಸರಿಗೇ ಬರುತ್ತಿತ್ತಲ್ಲ! ಹುಟ್ಟಿದ ದಿನವನ್ನು ಬರೆದಿಡದ ನಾಡಿನಿಂದ ಬಂದವರಲ್ಲಿ ಅನೇಕರಿಗೆ ವಲಸೆಯ ಕಾಗದಗಳು ಜನವರಿ 1ನ್ನು ಜನ್ಮದಿನವಾಗಿ ದಯಪಾಲಿಸಿವೆ. ಒಂದೇ ಹೆಸರಿನ, ಒಂದೇ ಜನ್ಮದಿನದ ಇಬ್ಬರು ಒಂದೇ ಬೆಳಗ್ಗೆ ಬಂದರೆ ಒಬ್ಬರ ರಕ್ತಪರೀಕ್ಷೆಯ ವರದಿ ಇನ್ನೊಬ್ಬರ ಕಡತವನ್ನು ಸೇರಲು ಹೆಚ್ಚು ಹೊತ್ತು ಬೇಡ.

ಒಮ್ಮೆ ನನ್ನ ಕಿರಿಯ ಸಹೋದ್ಯೋಗಿಯೊಬ್ಬನು ಮಗುವೊಂದರ ಹೊಟ್ಟೆಯ ಮೇಲೆ ಕಾಸಿನಗಲದ ನಾಲ್ಕು ಸುಟ್ಟ ಗಾಯದ ಕಲೆಗಳನ್ನು ಕಂಡು, ತಾಯಿತಂದೆಗಳು ಮಗುವನ್ನು ಹಿಂಸಿಸಿದ್ದಾರೆಂದು ದೂರು ಕೊಡಲು ದೂರವಾಣಿಗೆ ಕೈಹಾಕಿದನು. ನಾನು ಆ ಕಲೆಗಳನ್ನು ಬಲ್ಲೆ. ನನ್ನ ಅಣ್ಣನ ಹೊಟ್ಟೆಯ ಮೇಲೂ ಅವು ಇದ್ದವು. ಶೈಶವದಲ್ಲಿ ಕಾಮಾಲೆಗೆಂದು ಅಜ್ಜಿ ಹಾಕಿಸಿದ ಬರೆ. ಸೋಮಾಲಿ ದನಗಾಹಿಗಳಲ್ಲಿಯೂ ಕಾಸಿ ಸುಡುವುದು ಪುರಾತನ ಚಿಕಿತ್ಸೆ. ಅದು ಸರಿಯೆಂದು ನಾನು ಹೇಳುತ್ತಿಲ್ಲ. ಸುಟ್ಟ ಕೈ ಹಗೆಯದೋ ಮಮತೆಯದೋ ಎಂಬುದನ್ನು ಅರಿಯದೆ ದೂರು ಬರೆಯುವುದು ಅವೈದ್ಯಕೀಯವೆಂದು ಹೇಳುತ್ತಿದ್ದೇನೆ.

ಆದರೆ ನಾನೇ ತಪ್ಪಿದ ಪ್ರಸಂಗವೂ ಉಂಟು. ಮಧುಮೇಹದ ವೃದ್ಧೆಯೊಬ್ಬರು, ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುವಿರಾ ಎಂದು ಕೇಳಿದಾಗಲೆಲ್ಲ ‘ಇನ್ಷಾ ಅಲ್ಲಾಹ್’ ಎನ್ನುತ್ತಿದ್ದರು. ಅದನ್ನು ನಾನು ಜಾರಿಕೊಳ್ಳುವ ಮಾತೆಂದು ಎಣಿಸಿ, ಸೂಚನೆಯನ್ನು ಪಾಲಿಸದ ರೋಗಿಯೆಂದು ಕಡತದಲ್ಲಿ ಬರೆದೆ. ಭಗವಂತನ ಹೆಸರೆತ್ತದೆ ನಾಳೆಯ ಬಗ್ಗೆ ಮಾತುಕೊಡುವುದು ಉದ್ಧಟತನವೆಂದು ಅವರು ಭಾವಿಸಿದ್ದರೆಂಬುದು ದುಭಾಷಿಯಿಂದ ಮುಂದೆ ತಿಳಿಯಬಂದಿತು. ಅವರು ಸೂಚನೆಯನ್ನು ಅತಿಯಾಗಿ ಪಾಲಿಸಿದ್ದರು: ರಂಜಾನಿನಲ್ಲಿ ಹಗಲೆಲ್ಲ ಉಪವಾಸವಿದ್ದು, ಮೂರು ಹೊತ್ತಿನ ಮಾತ್ರೆಗಳನ್ನು ಸೂರ್ಯಾಸ್ತದಲ್ಲಿ ಒಟ್ಟಿಗೆ ನುಂಗಿ, ರಕ್ತದ ಸಕ್ಕರೆಯಿಳಿದು ಕುಸಿದುಬಿದ್ದರು. ರೋಗಿಗೆ ಉಪವಾಸದಿಂದ ವಿನಾಯಿತಿಯುಂಟೆಂದು ಅವರ ಧರ್ಮವೇ ಹೇಳುತ್ತದೆ. ಮನೆಮಂದಿಯೆಲ್ಲ ಉಪವಾಸವಿರುವಾಗ ತಾನೊಬ್ಬಳೇ ಉಣ್ಣಲಾರೆನೆಂಬುದು ಅವರ ಸಂಕೋಚ. ರಂಜಾನ್ ಬರುವ ಮುನ್ನವೇ ನಾನು ಕೇಳಬೇಕಾಗಿತ್ತು, ಕೇಳಲಿಲ್ಲ.

ಇನ್ನು ರೋಗದ ಹೆಸರು. ಸೋಮಾಲಿ ಭಾಷೆಗೆ ಅಧಿಕೃತ ಲಿಪಿ ದೊರೆತುದು 1972ರಲ್ಲಿ. ಅದಕ್ಕೆ ಮುನ್ನ ವಂಶಾವಳಿಯೂ ವ್ಯಾಜ್ಯವೂ ಪ್ರಣಯವೂ ಕಾವ್ಯವಾಗಿ ಬಾಯಿಂದ ಬಾಯಿಗೆ ನಡೆದುವು. ಗಂಡಸರ ಗಂಭೀರ ಕವಿತೆಗೆ ಗಬಯ್ ಎಂದೂ ಹೆಂಗಸರ ಪದ್ಯಕ್ಕೆ ಬುರಾನ್‌ಬುರ್ ಎಂದೂ ಹೆಸರು. ಇಂಥ ವಾಗ್ಮಿಗಳ ಮುಂದೆ ನಾವು ‘ಖಿನ್ನತೆ ಇದೆಯೆ?’ ಎಂಬ ಪ್ರಶ್ನಾವಳಿಯನ್ನಿಟ್ಟರೆ ಅವರು ಇಲ್ಲವೆನ್ನುವರು, ತಲೆನೋವೆನ್ನುವರು. ಅವರಲ್ಲಿ ‘ವಾಲಿ’ ಎಂದರೆ ಹುಚ್ಚು. ಆ ಹೆಸರನ್ನು ಯಾರು ತಾನೇ ತಲೆಯ ಮೇಲೆ ಹೊರುವರು? ಆದರೆ ‘ಬೂಫಿಸ್’ ಎಂಬ ಇನ್ನೊಂದು ಪದವುಂಟು. ಊದು, ಉಬ್ಬಿಸು ಎಂಬ ಧಾತುವಿನಿಂದ ಬಂದ ಇದು ದದಾಬಿನಲ್ಲಿ, ಪರದೇಶಕ್ಕೆ ಹೋಗಿ ನೆಲೆಸಬೇಕೆಂಬ ತೀವ್ರ ಹಂಬಲಕ್ಕೂ ಆ ಹಂಬಲವು ಈಡೇರದೆ ಕೆಟ್ಟ ಮನಸ್ಸಿಗೂ ಸಂದ ಹೆಸರು. ಈಗ ಪರದೇಶದಲ್ಲಿ ನೆಲೆಸಿದವರ ಅಳಲಿಗೂ ಅದೇ ಹೆಸರು. ಆ ಒಂದು ಪದವನ್ನು ಕಲಿತು ಕೇಳಿದ ದಿನ, ಎರಡು ವರ್ಷ ತಲೆನೋವಿನ ಮಾತ್ರೆಯನ್ನಷ್ಟೇ ಬೇಡಿದ್ದ ಗೃಹಸ್ಥರೊಬ್ಬರು ಒಂದು ಗಂಟೆ ಮಾತನಾಡಿದರು.

ಹೆಸರಿಲ್ಲದ ರೋಗವು ಇನ್ನೂ ಘೋರ. ಆಟಿಸಂಗೆ ಸೋಮಾಲಿಯಲ್ಲಿ ಹೆಸರಿರಲಿಲ್ಲ. ಮಾತೇ ಐಶ್ವರ್ಯವಾದ ಮನೆಯಲ್ಲಿ ಮಗು ಮಾತು ನಿಲ್ಲಿಸಿದರೆ ತಾಯಿಗೆ ಏನಾದೀತು? 2008ರ ಸುಮಾರಿಗೆ ಮಿನಿಯಾಪೊಲಿಸಿನ ತಾಯಂದಿರು ತಮ್ಮ ಮಕ್ಕಳಿಗೇಕೆ ಹೀಗಾಯಿತೆಂದು ಕೇಳತೊಡಗಿದಾಗ ಸಮರ್ಪಕವಾದ ಉತ್ತರ ಬಾರದ ಜಾಗದಲ್ಲಿ, ದಡಾರದ ಲಸಿಕೆಯೇ ಕಾರಣವೆಂಬ ಮಿಥ್ಯಾವಾದವು ಬಂದು ಕುಳಿತಿತು. ಆ ವಾದದ ಜನಕನಾದ ಆಂಡ್ರೂ ವೇಕ್‌ಫೀಲ್ಡ್, 1998ರ ತನ್ನ ಲೇಖನವನ್ನು ಲ್ಯಾನ್ಸೆಟ್ ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡ ಮೇಲೂ, ಅಲ್ಲಿಗೆ ಬಂದು ಸಭೆ ನಡೆಸಿದನು. ಮಿನೆಸೋಟದಲ್ಲಿ ಹುಟ್ಟಿದ ಸೋಮಾಲಿ ಮಕ್ಕಳಲ್ಲಿ 2004ರಲ್ಲಿ ನೂರಕ್ಕೆ 92ರಷ್ಟಿದ್ದ ಲಸಿಕೆಯ ಪ್ರಮಾಣವು 2014ಕ್ಕೆ 42ಕ್ಕೆ ಇಳಿಯಿತು. 2017ರಲ್ಲಿ ರಾಜ್ಯದ 75 ಮಂದಿಗೆ ದಡಾರ ತಗುಲಿತು, ಅವರಲ್ಲಿ ಬಹುಪಾಲು ಸೋಮಾಲಿ ಮಕ್ಕಳು. ಈ ತಾಯಂದಿರನ್ನು ಅಜ್ಞಾನಿಗಳೆಂದು ಜರೆದವರ ಮಾತನ್ನು ನಾನು ಒಪ್ಪಲಾರೆ. ಅವರ ಪ್ರಶ್ನೆ ಸರಿಯಾಗಿತ್ತು, ಉತ್ತರಿಸಬೇಕಾದವರು ಸುಮ್ಮನಿದ್ದರು.

ಲಸಿಕೆಯ ಚರಿತ್ರೆಯಲ್ಲಿ ಸೋಮಾಲಿಯಾಕ್ಕೆ ಅನನ್ಯವಾದ ಸ್ಥಾನವಿದೆಯೆಂಬುದನ್ನು ಆ ಜರೆದವರು ಮರೆತಿದ್ದರು. ಸಹಜವಾಗಿ ಹರಡಿದ ಸಿಡುಬಿನ ಲೋಕದ ಕಟ್ಟಕಡೆಯ ರೋಗಿ, 1977ರ ಅಕ್ಟೋಬರಿನಲ್ಲಿ, ಮೆರ್ಕಾ ಪಟ್ಟಣದ ಆಸ್ಪತ್ರೆಯ ಅಡಿಗೆಯವನಾದ ಅಲಿ ಮಾವ್ ಮಾಲಿನ್. ಚುಚ್ಚಿದರೆ ನೋಯುವುದೆಂದು ತಾನು ಲಸಿಕೆ ತಪ್ಪಿಸಿಕೊಂಡುದನ್ನು ಆತನು ಮುಂದೆ ಪೋಲಿಯೊ ಕಾರ್ಯಕರ್ತನಾಗಿ ಮನೆಮನೆಯಲ್ಲಿ ಹೇಳಿಕೊಂಡನು.

ಹೆರಿಗೆಯ ವಿಷಯವನ್ನು ಸಂಕ್ಷೇಪಿಸುತ್ತೇನೆ. ಸೋಮಾಲಿ ಸ್ತ್ರೀಯರಲ್ಲಿ ಬಹುತೇಕರು ಬಾಲ್ಯದಲ್ಲಿ ಸುನ್ನತಿಗೆ ಗುರಿಯಾದವರು. ಪರೀಕ್ಷೆಯ ಮೇಜಿನ ಮೇಲೆ ದಾದಿಯ ಮುಖದಲ್ಲಿ ಮೂಡಿದ ಬೆರಗನ್ನು ಕಂಡ ತರುಣಿಯೊಬ್ಬಳು ಆ ಚಿಕಿತ್ಸಾಲಯಕ್ಕೆ ಮರಳಲೇ ಇಲ್ಲ. ನಲವತ್ತು ದಿನದ ಬಾಣಂತನ ಅವರಲ್ಲಿಯೂ ಉಂಟು, ಮನೆಯಲ್ಲಿ ಧೂಪ ಹಾಕುವುದೂ ಉಂಟು. ಆ ಮನೆಗಳಲ್ಲಿ ನನಗೆ ತವರಿನ ವಾಸನೆಯೇ ಬರುತ್ತಿತ್ತು.

ಇಲ್ಲಿ ಕುಳಿತಿರುವ ವೈದ್ಯವಿದ್ಯಾರ್ಥಿಗಳಲ್ಲಿ ನನ್ನದೊಂದು ವಿಜ್ಞಾಪನೆ. ಸೋಮಾಲಿಗಳು ಇಂತಿಂಥವರೆಂಬ ಪಟ್ಟಿಯನ್ನು ಈ ಉಪನ್ಯಾಸದಿಂದ ಬರೆದುಕೊಳ್ಳಬೇಡಿ. ಅಂಥ ಪಟ್ಟಿಗೆ ಸರಿಹೊಂದಿದ ಒಬ್ಬ ರೋಗಿಯನ್ನೂ ನಾನು ಕಾಣಲಿಲ್ಲ. ಪರಭಾಷೆಯ ತಾಯಿಯೊಬ್ಬಳು ಎಂಟು ವರ್ಷದ ಮಗಳ ಕೈಹಿಡಿದು ಬಂದರೆ, ಆ ಮಗುವನ್ನು ದುಭಾಷಿಯಾಗಿ ಮಾಡಿಕೊಳ್ಳಬೇಡಿ. ತನ್ನ ಗರ್ಭಕೋಶದ ಸಂಗತಿಯನ್ನು ಅವಳು ಮಗಳ ಬಾಯಿಂದ ಹೇಳಿಸಲಾರಳು. ಭಾಷೆ ಬಲ್ಲ ದುಭಾಷಿಯನ್ನು ಕರೆಯಿಸಿ. ಅವರು ಬರುವ ತನಕ, ಹೊರಗೆ ಎಷ್ಟೇ ಮಂದಿ ಕಾದಿದ್ದರೂ, ನೀವೂ ಕಾದಿರಿ.