ಕೈಯಲ್ಲಿಲ್ಲದ ನಾಡಿಗೊಂದು ಸಂವಿಧಾನ

1963ರ ಮಾರ್ಚ್ 10ರಂದು ದಲೈ ಲಾಮಾ ಅವರು ಟಿಬೆಟ್ಟಿಗೆ ಒಂದು ಸಂವಿಧಾನವನ್ನು ಪ್ರಕಟಿಸಿದರು. ಆ ಹೊತ್ತಿಗೆ ಟಿಬೆಟ್ಟಿನ ಅಂಗುಲ ನೆಲವೂ ಅವರ ಆಡಳಿತದಲ್ಲಿರಲಿಲ್ಲ. ಮುಂದೊಂದು ದಿನ ಸಿಕ್ಕೀತೆಂಬ ನಾಡಿಗೆ, ಇರಬೇಕಾದ ಸಮಾಜವನ್ನು ಮನಸ್ಸಿನಲ್ಲಿಟ್ಟು ಬರೆದ ಕಾನೂನು ಅದು. ಪ್ಲೇಟೋನ ಆದರ್ಶ ನಗರ, 1516ರಲ್ಲಿ ಥಾಮಸ್ ಮೋರ್ ಚಿತ್ರಿಸಿದ ಯುಟೋಪಿಯಾ ದ್ವೀಪ, ಎರಡೂ ಪುಸ್ತಕದಲ್ಲೇ ಉಳಿದವು. ಟಿಬೆಟಿಯನ್ನರ ಕಲ್ಪನೆಗೆ ಮಾತ್ರ ಕಾಲೂರಲು ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಂಥ ಜಾಗಗಳು ಸಿಕ್ಕವು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಸಾವಿರಾರು ನಿರಾಶ್ರಿತರು ಅವರ ಹಿಂದೆಯೇ ಗಡಿ ದಾಟಿದರು. ಪ್ರಧಾನಿ ನೆಹರೂ ರಾಜ್ಯಗಳಲ್ಲಿ ಜಾಗ ಕೇಳಿದಾಗ ಮೈಸೂರು ಸರ್ಕಾರ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಕೊಟ್ಟಿತು. 1960ರ ಕೊನೆಗೆ ಮೊದಲ ತಂಡಗಳು ಬಂದಿಳಿದವು. ಡೇರೆಗಳಲ್ಲಿ ಮಲಗುತ್ತ, ಆನೆಗಳಿಗೆ ಹೆದರುತ್ತ, ಹಿಮದ ನಾಡಿನವರು ಬಿಸಿಲಲ್ಲಿ ಕಾಡು ಕಡಿದು ಮಳೆಯಾಶ್ರಯದ ಹೊಲ ಮಾಡಿದರು. ಮುಸುಕಿನ ಜೋಳ ಅವರ ಮುಖ್ಯ ಬೆಳೆಯಾಯಿತು.

ಹಳೆಯ ಟಿಬೆಟ್ಟಿನಲ್ಲಿ ಭೂಮಿಯ ಬಹುಪಾಲು ಸರ್ಕಾರ, ಮಠ ಮತ್ತು ಕುಲೀನ ಮನೆತನಗಳ ಹಿಡಿತದಲ್ಲಿತ್ತು. ಬೈಲಕುಪ್ಪೆಯಲ್ಲಿ ಹೊಲವನ್ನು ತಲೆ ಎಣಿಸಿ ಹಂಚಿದರು, ಮನೆತನ ನೋಡಿ ಅಲ್ಲ. ನೆಲ ಮೈಸೂರು ಸರ್ಕಾರದ್ದೇ ಆದ್ದರಿಂದ ಮಾರುವಂತಿರಲಿಲ್ಲ. ವಸತಿಯನ್ನು ಊರುಗಳಾಗಿ ವಿಂಗಡಿಸಲಾಯಿತು. ಸುತ್ತಲಿನವರ ಬಾಯಲ್ಲಿ ಅವು ಇಂದಿಗೂ ‘ಕ್ಯಾಂಪು’ಗಳೇ. ಒಂದೊಂದು ಕ್ಯಾಂಪಿಗೂ ಒಬ್ಬ ಮುಖಂಡ, ಇಡೀ ವಸತಿಗೆ ಧರ್ಮಶಾಲಾ ಪಟ್ಟಣದಲ್ಲಿ ನೆಲೆಸಿದ ಟಿಬೆಟಿಯನ್ ಆಡಳಿತಕ್ಕೆ ಸೇರಿದ ಒಬ್ಬ ಅಧಿಕಾರಿ. ಬೀಜ, ಗೊಬ್ಬರ, ಟ್ರ್ಯಾಕ್ಟರು, ಬೆಳೆಯ ಮಾರಾಟ ಇವೆಲ್ಲ ಸಹಕಾರ ಸಂಘದ ಪಾಲಿಗೆ ಬಂದವು. 1969ರ ಹೊತ್ತಿಗೆ ಪಕ್ಕದಲ್ಲೇ ಎರಡನೆಯ ವಸತಿ ಎದ್ದಿತು. ಹುಣಸೂರಿನ ಗುರುಪುರ, ಮುಂಡಗೋಡ, ಕೊಳ್ಳೇಗಾಲದ ಕಡೆಯ ಒಡೆಯರಪಾಳ್ಯದಲ್ಲೂ ಇಂಥವೇ ನೆಲೆಗಳಾದವು.

ನಿರ್ವಾಸಿತ ಟಿಬೆಟಿಯನ್ ಸರ್ಕಾರದ ವಿನ್ಯಾಸವೂ ಜೊತೆಜೊತೆಗೇ ಬೆಳೆಯಿತು. 1960ರ ಸೆಪ್ಟೆಂಬರ್ 2ರಂದು ಪ್ರಾಂತ್ಯಗಳಿಂದಲೂ ಧಾರ್ಮಿಕ ಪಂಥಗಳಿಂದಲೂ ಆರಿಸಿಬಂದ 13 ಪ್ರತಿನಿಧಿಗಳು ಪ್ರಮಾಣವಚನ ತೆಗೆದುಕೊಂಡರು. ಟಿಬೆಟಿಯನ್ನರು ಆ ದಿನವನ್ನು ಪ್ರಜಾಪ್ರಭುತ್ವ ದಿನವೆಂದು ಆಚರಿಸುತ್ತಾರೆ. 1963ರ ಸಂವಿಧಾನದಲ್ಲಿ 77 ವಿಧಿಗಳಿದ್ದವು. ಶಾಸನಸಭೆ ಮೂರನೇ ಎರಡು ಬಹುಮತದಿಂದ ತೀರ್ಮಾನಿಸಿದರೆ ದಲೈ ಲಾಮಾ ಅವರ ಅಧಿಕಾರವನ್ನೇ ಹಿಂದೆಗೆದುಕೊಳ್ಳಬಹುದು ಎಂಬ ಅಂಶ ಅದರಲ್ಲಿತ್ತು. ಭಕ್ತರಿಗೆ ಇದು ಸಹಿಸಲಾಗದ ಮಾತು. ಆದರೂ ದಲೈ ಲಾಮಾ ಪಟ್ಟುಹಿಡಿದು ಅದನ್ನು ಉಳಿಸಿಕೊಂಡರು.

1991ರ ಜೂನ್‌ನಲ್ಲಿ ನಿರ್ವಾಸಿತ ಟಿಬೆಟಿಯನ್ನರಿಗೆಂದೇ ಬೇರೊಂದು ಸನ್ನದು ಜಾರಿಗೆ ಬಂತು. 2001ರಲ್ಲಿ ಜನ ಮೊದಲ ಬಾರಿಗೆ ಸಂಪುಟದ ಮುಖ್ಯಸ್ಥರನ್ನು ನೇರವಾಗಿ ಆರಿಸಿದರು. 2011ರಲ್ಲಿ ದಲೈ ಲಾಮಾ ರಾಜಕೀಯ ಅಧಿಕಾರವನ್ನು ಪೂರ್ತಿಯಾಗಿ ಬಿಟ್ಟುಕೊಟ್ಟರು. ಮುಖ್ಯಸ್ಥರ ಹುದ್ದೆಗೆ ಈಗಿನ ಹೆಸರು ‘ಸಿಕ್ಯೋಂಗ್’.

ಮತದಾನದ ಹಕ್ಕಿಗೆ ಹದಿನೆಂಟು ತುಂಬಿರಬೇಕು, ‘ಹಸಿರು ಪುಸ್ತಕ’ ಇರಬೇಕು. ಆಡಳಿತಕ್ಕೆ ಸ್ವಇಚ್ಛೆಯಿಂದ ಸಲ್ಲಿಸುವ ವಂತಿಗೆಯ ಲೆಕ್ಕ ಈ ಪುಸ್ತಕದಲ್ಲಿ ದಾಖಲಾಗುತ್ತದೆ. ಚುನಾವಣೆ ಸಾಮಾನ್ಯವಾಗಿ ಎರಡು ಸುತ್ತು: ಮೊದಲ ಸುತ್ತಿನಲ್ಲಿ ಜನರೇ ಹೆಸರು ಸೂಚಿಸುತ್ತಾರೆ, ಎರಡನೆಯದರಲ್ಲಿ ಆರಿಸುತ್ತಾರೆ. ಸಂಸತ್ತಿನ ಚುನಾವಣೆಯಲ್ಲಿ ಭಿಕ್ಷುಗಳಿಗೆ ತಮ್ಮ ಪ್ರಾಂತ್ಯಕ್ಕೊಂದು, ಪಂಥಕ್ಕೊಂದು, ಹೀಗೆ ಎರಡು ಮತ. ಸೆರಾ ಮತ್ತು ನಾಮ್‌ಡ್ರೋಲಿಂಗ್‌ನಂಥ ದೊಡ್ಡ ಮಠಗಳಿರುವ ಬೈಲಕುಪ್ಪೆಯಲ್ಲಿ ಈ ಎರಡನೆಯ ಮತಕ್ಕೆ ತೂಕ ಹೆಚ್ಚು. 2021ರಲ್ಲಿ ಸಿಕ್ಯೋಂಗ್ ಆಗಿ ಆಯ್ಕೆಯಾದ ಪೆನ್ಪಾ ತ್ಸೆರಿಂಗ್ ಹುಟ್ಟಿದ್ದೂ ಇದೇ ಬೈಲಕುಪ್ಪೆಯಲ್ಲಿ.

ಈ ಸರ್ಕಾರಕ್ಕೆ ಮಿತಿಗಳೂ ಸ್ಪಷ್ಟ. ಅದಕ್ಕೆ ಪೊಲೀಸರಿಲ್ಲ, ಸೆರೆಮನೆಯಿಲ್ಲ, ಯಾವ ದೇಶದ ಮಾನ್ಯತೆಯೂ ಇಲ್ಲ. ಕ್ಯಾಂಪಿನೊಳಗೂ ನಡೆಯುವುದು ಭಾರತದ ಕಾನೂನೇ. ಬೇಸಾಯವೊಂದನ್ನೇ ನಂಬಿದರೆ ಸಾಲದೆಂದು ಅನೇಕರು ಚಳಿಗಾಲದಲ್ಲಿ ನಗರಗಳಿಗೆ ಹೋಗಿ ಸ್ವೆಟರ್ ಮಾರುತ್ತಾರೆ. ಓದಿದ ಮಕ್ಕಳು ಬೆಂಗಳೂರಿಗೆ, ಅಮೆರಿಕ ಕೆನಡಾಗಳಿಗೆ ಹೊರಡುವುದರಿಂದ ವಸತಿಗಳಲ್ಲಿ ಯುವಜನರ ಸಂಖ್ಯೆ ಇಳಿಯುತ್ತಿದೆ.

ತನ್ನ ಕೊನೆಯನ್ನೂ ಈ ವ್ಯವಸ್ಥೆ ಮೊದಲೇ ಗೊತ್ತುಮಾಡಿಕೊಂಡಿದೆ. 1992ರಲ್ಲಿ ದಲೈ ಲಾಮಾ ಪ್ರಕಟಿಸಿದ ಮಾರ್ಗಸೂಚಿಯಂತೆ, ಟಿಬೆಟ್ಟಿಗೆ ಮರಳಿದ ಮೇಲೆ ನಿರ್ವಾಸಿತ ಸರ್ಕಾರ ವಿಸರ್ಜನೆಯಾಗಬೇಕು, ಆಡಳಿತದ ಹೊಣೆ ಮುಖ್ಯವಾಗಿ ಅಲ್ಲೇ ಉಳಿದ ಜನರಿಗೆ ಸೇರಬೇಕು, ಅವರ ಪ್ರತಿನಿಧಿಗಳು ಹೊಸ ಸಂವಿಧಾನ ಬರೆಯಬೇಕು.