ಕಣ್ಣಿಗಿಂತ ಕಿವಿ ಮುಂದು



ಕಾಲವನ್ನು ಅಳೆಯುವುದಕ್ಕೆ ನಮ್ಮ ಹಿರಿಯರು ಮೊದಲು ಹಿಡಿದ ಅಳತೆಗೋಲು ಮನುಷ್ಯನ ಮೈಯೇ. ‘ನಿಮಿಷ’ವೆಂದರೆ ಮೂಲದಲ್ಲಿ ಕಣ್ಣಿನ ರೆಪ್ಪೆ ಮುಚ್ಚುವುದು ಎಂದೇ ಅರ್ಥ. ರೆಪ್ಪೆ ಬಡಿಯದವರೆಂದು ದೇವತೆಗಳು ‘ಅನಿಮಿಷ’ರಾದರು. ಛಂದಸ್ಸಿನಲ್ಲಿಯೂ ಅಳತೆ ನಮ್ಮ ಬಾಯಿಯೇ. ಹ್ರಸ್ವಾಕ್ಷರವೊಂದನ್ನು ನುಡಿಯಲು ಹಿಡಿಯುವ ಕಾಲ ಒಂದು ಮಾತ್ರೆ. ದೀರ್ಘಕ್ಕೆ ಎರಡು, ಪ್ಲುತಕ್ಕೆ ಮೂರು. ಮೂವತ್ತು ವರ್ಷಕ್ಕೂ ಮಿಕ್ಕಿ ತರಗತಿಯಲ್ಲಿ ಲಘು ಗುರುಗಳ ಗುರುತು ಹಾಕುತ್ತ ಬಂದ ನನಗೆ, ಗಡಿಯಾರದ ಲೆಕ್ಕದಲ್ಲಿ ಒಂದು ಅಕ್ಷರವೆಂದರೆ ಎಷ್ಟು ಹೊತ್ತು ಎಂಬ ಕುತೂಹಲ ಸಹಜವಾಗಿಯೇ ಇತ್ತು. ನಾವು ಎಂದಿನಂತೆ ಮಾತನಾಡುವಾಗ ಸೆಕೆಂಡಿಗೆ ಸುಮಾರು ಐದಾರು ಅಕ್ಷರಗಳು ಹೊರಡುತ್ತವೆ. ಎಂದರೆ ಒಂದು ಅಕ್ಷರಕ್ಕೆ ಸೆಕೆಂಡಿನ ಐದನೆಯ ಒಂದು ಭಾಗ, ಅಥವಾ ಅದಕ್ಕಿಂತ ತುಸು ಕಡಮೆ.

ಹೆಚ್ಚುಕಡಮೆ ಇಷ್ಟೇ ಕಾಲ ನಮ್ಮ ಬದುಕಿನಲ್ಲಿ ಇನ್ನೊಂದು ಕಡೆಯೂ ಬರುತ್ತದೆ. ಕಣ್ಣೆದುರು ದೀಪವೊಂದು ಹೊತ್ತಿದೊಡನೆ ಗುಂಡಿಯನ್ನು ಒತ್ತಬೇಕು ಎಂದು ನಿಮಗೆ ಯಾರಾದರೂ ಹೇಳಿದರೆನ್ನಿ. ದೀಪ ಹೊತ್ತುವುದಕ್ಕೂ ಬೆರಳು ಒತ್ತುವುದಕ್ಕೂ ನಡುವೆ ಒಂದು ತೆರಪು ಇದ್ದೇ ಇರುತ್ತದೆ. ಎಷ್ಟೇ ಚುರುಕಿನವನಾದರೂ ಆ ತೆರಪನ್ನು ಪೂರ್ತಿಯಾಗಿ ಅಳಿಸಲಾರ. ಮನಶ್ಶಾಸ್ತ್ರಜ್ಞರು ಇದನ್ನು ‘ಪ್ರತಿಕ್ರಿಯಾ ಕಾಲ’ ಎನ್ನುತ್ತಾರೆ. ಈ ವಿಷಯವನ್ನು ಬಾನುಲಿಯಲ್ಲಿ ಹೇಳುವುದಕ್ಕೆ ಒಂದು ಔಚಿತ್ಯವೂ ಉಂಟು. ಮೈಸೂರಿನಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಕಟ್ಟಿದ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ‘ಆಕಾಶವಾಣಿ’ ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ನಡೆಸಿದರು. ಮನಸ್ಸಿನ ವಿದ್ಯೆಗೂ ಕಿವಿಯ ಮಾಧ್ಯಮಕ್ಕೂ ನಮ್ಮ ನಾಡಿನಲ್ಲಿ ಇಂಥ ನಂಟು ಇದೆ.

ಯೌವನದಲ್ಲಿರುವ ಆರೋಗ್ಯವಂತರನ್ನು ಪರೀಕ್ಷಿಸಿದಾಗ ಬೆಳಕಿಗೆ ತೋರುವ ಪ್ರತಿಕ್ರಿಯೆಗೆ ಸುಮಾರು 0.18ರಿಂದ 0.20 ಸೆಕೆಂಡು ಹಿಡಿಯುತ್ತದೆ. ಸದ್ದಿಗಾದರೋ ಸುಮಾರು 0.14ರಿಂದ 0.16 ಸೆಕೆಂಡು ಸಾಕು. ಬೆಳಕಿನ ವೇಗ ಸದ್ದಿನ ವೇಗಕ್ಕಿಂತ ಲಕ್ಷಗಟ್ಟಲೆ ಪಟ್ಟು ಹೆಚ್ಚೆಂದು ಶಾಲೆಯಲ್ಲಿ ಕಲಿತವರಿಗೆ ಇದು ವಿಚಿತ್ರವಾಗಿ ತೋರಬಹುದು. ಆದರೆ ಬೆಳಕಿನ ಓಟ ಕಣ್ಣಿನ ಬಾಗಿಲವರೆಗೆ ಮಾತ್ರ. ಒಳಗೆ ಅಕ್ಷಿಪಟಲದಲ್ಲಿ ರಾಸಾಯನಿಕ ಕ್ರಿಯೆಗಳ ಒಂದು ಸರಣಿಯೇ ನಡೆದು, ಅದು ನರದ ಸಂಕೇತವಾಗಿ ಮಾರ್ಪಟ್ಟು ಮಿದುಳಿಗೆ ಹೋಗಬೇಕು. ಇದಕ್ಕೆ ಸೆಕೆಂಡಿನ ಸಾವಿರ ಭಾಗಗಳಲ್ಲಿ ಇಪ್ಪತ್ತರಿಂದ ನಲವತ್ತು ಭಾಗ ಬೇಕು. ಕಿವಿಯಲ್ಲಿ ಹಾಗಿಲ್ಲ. ಅಲ್ಲಿನ ಕೂದಲಿನಂಥ ಎಳೆಗಳು ಸದ್ದಿನ ಅಲೆಗೆ ಬಾಗಿದೊಡನೆ ನರ ಎಚ್ಚೆತ್ತುಕೊಳ್ಳುತ್ತದೆ. ಎಂಟು ಹತ್ತು ಭಾಗಗಳಲ್ಲಿ ಸುದ್ದಿ ಮಿದುಳನ್ನು ಮುಟ್ಟುತ್ತದೆ. ಹೊರಗೆ ಬೆಳಕು ಗೆಲ್ಲುತ್ತದೆ, ಮೈಯೊಳಗೆ ಸದ್ದು ಗೆಲ್ಲುತ್ತದೆ.

ಇಬ್ಬರ ಪಂದ್ಯ ಸರಿಸಮವಾಗುವುದು ಎಲ್ಲಿ? ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಕಿವಿಗಿರುವ 0.04 ಸೆಕೆಂಡಿನ ಮುನ್ನಡೆಯಲ್ಲಿ ಅದು ಹದಿಮೂರು ಹದಿನಾಲ್ಕು ಮೀಟರು ಬಂದಿರುತ್ತದೆ. ಅಷ್ಟರೊಳಗೆ ನಡೆದುದಕ್ಕೆ ಕಿವಿ ಮೊದಲು ಎಚ್ಚರಗೊಳ್ಳುತ್ತದೆ, ಅದರಾಚೆಗೆ ಕಣ್ಣು. ಹೊಳೆಯ ಆಚೆ ದಡದಲ್ಲಿ ಅಗಸ ಬಟ್ಟೆಯನ್ನು ಕಲ್ಲಿಗೆ ಒಗೆಯುವುದು ಮೊದಲು ಕಾಣಿಸಿ ಸದ್ದು ಆಮೇಲೆ ಬರುವುದನ್ನು ನಮ್ಮಲ್ಲಿ ಅನೇಕರು ನೋಡಿಯೇ ಇದ್ದೇವೆ. ಓಟದ ಪಂದ್ಯಗಳಲ್ಲಿ ಈಗ ಪ್ರತಿಯೊಬ್ಬ ಓಟಗಾರನ ಹಿಂದೆಯೂ ಒಂದು ಧ್ವನಿವರ್ಧಕ ಇಡುವುದು ಇದೇ ಕಾರಣಕ್ಕೆ. ಇಲ್ಲದಿದ್ದರೆ ಹತ್ತು ಮೀಟರು ದೂರದ ಓಟಗಾರನಿಗೆ ಪಿಸ್ತೂಲಿನ ಸದ್ದು 0.03 ಸೆಕೆಂಡು ತಡವಾಗಿ ಕೇಳಿಸೀತು. ಸದ್ದಾದ ಮೇಲೆ 0.1 ಸೆಕೆಂಡಿಗಿಂತ ಬೇಗ ಹೊರಟವನು ಸದ್ದನ್ನು ಕೇಳಿ ಹೊರಟಿರಲಾರನೆಂಬುದು ಅಲ್ಲಿಯ ನಿಯಮ. 2022ರ ವಿಶ್ವ ಚಾಂಪಿಯನ್‌ಷಿಪ್‌ನ ಹರ್ಡಲ್ಸ್ ಅಂತಿಮ ಓಟದಲ್ಲಿ ಅಮೆರಿಕದ ಡೆವನ್ ಅಲೆನ್ 0.099 ಸೆಕೆಂಡಿಗೆ ಹೊರಟು, ಸೆಕೆಂಡಿನ ಸಾವಿರದ ಒಂದು ಭಾಗದ ಅಂತರದಿಂದ ಪಂದ್ಯದಿಂದಲೇ ಹೊರಬಿದ್ದ.

ಈ ಸಣ್ಣ ಕಾಲಕ್ಕಾಗಿ ದಂಡ ತೆತ್ತವರಲ್ಲಿ ಅವನು ಮೊದಲಿಗನಲ್ಲ. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ಹದಿನೆಂಟನೆಯ ಶತಮಾನದ ಕೊನೆಗೆ ಕಿನ್ನೆಬ್ರುಕ್ ಎಂಬ ಸಹಾಯಕನಿದ್ದ. ದೂರದರ್ಶಕದಲ್ಲಿ ನಕ್ಷತ್ರವು ತಂತಿಯೊಂದನ್ನು ದಾಟುವುದನ್ನು ಕಣ್ಣಿನಿಂದ ನೋಡುತ್ತ, ಗಡಿಯಾರದ ಬಡಿತವನ್ನು ಕಿವಿಯಿಂದ ಎಣಿಸುತ್ತ, ದಾಟಿದ ಹೊತ್ತನ್ನು ಗುರುತಿಸುವುದು ಅವನ ಕೆಲಸ. 1795ರಲ್ಲಿ ಅವನ ಲೆಕ್ಕ ಮೇಲಧಿಕಾರಿ ಮ್ಯಾಸ್ಕಲೀನನ ಲೆಕ್ಕಕ್ಕಿಂತ ಅರ್ಧ ಸೆಕೆಂಡು ಹಿಂದೆ ಬಿತ್ತು. ಎಚ್ಚರಿಸಿದರೂ ಪ್ರಯೋಜನವಾಗದೆ ಅಂತರ 0.8 ಸೆಕೆಂಡಿಗೆ ಏರಿತು. 1796ರಲ್ಲಿ ಅವನ ಕೆಲಸ ಹೋಯಿತು. ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಜರ್ಮನ್ ಖಗೋಳಜ್ಞ ಬೆಸೆಲ್ ನುರಿತ ಖಗೋಳಜ್ಞರನ್ನೇ ಜೋಡಿ ಜೋಡಿಯಾಗಿ ಹೋಲಿಸಿ ನೋಡಿದ. ಅವರವರೊಳಗೇ ಒಂದು ಸೆಕೆಂಡಿಗೂ ಮೀರಿದ ಅಂತರಗಳು ಕಂಡುಬಂದವು. ಕಿನ್ನೆಬ್ರುಕ್ ಸೋಮಾರಿಯಾಗಿರಲಿಲ್ಲ, ಕಣ್ಣನ್ನೂ ಕಿವಿಯನ್ನೂ ಕೂಡಿಸುವ ಅವನ ರೀತಿ ಧಣಿಯ ರೀತಿಗಿಂತ ಬೇರೆಯಾಗಿತ್ತು, ಅಷ್ಟೆ. ಆದರೆ ಅಳತೆಗೋಲು ಧಣಿಯ ಕೈಯಲ್ಲಿತ್ತು.

ಈ ಮಾತನ್ನು ನೆನಪಿಟ್ಟುಕೊಂಡೇ ನಾವು ಬೇರೆ ಬೇರೆ ಜನವರ್ಗಗಳ ವಿಷಯಕ್ಕೆ ಬರಬೇಕು. ಮೊದಲನೆಯದು ವಯಸ್ಸು. ಮಗುವಿನ ಪ್ರತಿಕ್ರಿಯೆ ನಿಧಾನ. ಬೆಳೆದಂತೆಲ್ಲ ಅದು ಚುರುಕಾಗಿ ಇಪ್ಪತ್ತರ ಹರೆಯದಲ್ಲಿ ತುದಿ ಮುಟ್ಟುತ್ತದೆ. ಆಮೇಲೆ ಐವತ್ತು ಅರುವತ್ತರವರೆಗೆ ಮೆಲ್ಲಮೆಲ್ಲನೆ, ಅನಂತರ ಕೊಂಚ ಬೇಗನೆ ಇಳಿಯುತ್ತದೆ. ಎರಡನೆಯದು ಸ್ತ್ರೀಪುರುಷ ಭೇದ. ಸರಳ ಪರೀಕ್ಷೆಗಳಲ್ಲಿ ಗಂಡಸರ ಸರಾಸರಿ ತುಸು ಚುರುಕೆಂದು ಹಿಂದಿನಿಂದಲೂ ಕಂಡುಬಂದಿದೆ. ಆದರೆ ಕಾಲ ಕಳೆದಂತೆ ಆ ಅಂತರ ಕುಗ್ಗುತ್ತ ಬಂದಿದೆ. ಹೆಣ್ಣುಮಕ್ಕಳು ಆಟದ ಬಯಲಿಗೂ ವಾಹನದ ಚುಕ್ಕಾಣಿಗೂ ಬಂದುದು ಇದಕ್ಕೆ ಕಾರಣವೆಂದು ಊಹಿಸುವವರಿದ್ದಾರೆ. ಹುಟ್ಟಿನ ಗುಣವೆಂದು ನಾವು ಹೇಳುವುದರಲ್ಲಿ ಅವಕಾಶದ ಪಾಲು ಎಷ್ಟೆಂಬುದನ್ನು ಇಂಥಲ್ಲಿ ಯೋಚಿಸಬೇಕು.

ಮೂರನೆಯದು ಅಭ್ಯಾಸ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಂಗೀತಗಾರರು ಇತರರಿಗಿಂತ ಸದ್ದಿಗೂ ಸ್ಪರ್ಶಕ್ಕೂ ಬೇಗ ಓಗೊಟ್ಟರು. ಸಾಧನೆ ಕಿವಿಯನ್ನು ಚುರುಕುಗೊಳಿಸಿತೋ, ಚುರುಕು ಕಿವಿಯವರೇ ಸಂಗೀತಕ್ಕೆ ಬಂದರೋ, ಇಂಥ ಹೋಲಿಕೆಯೊಂದರಿಂದಲೇ ತೀರ್ಮಾನಿಸಲಾಗದು. ನಾಲ್ಕನೆಯದು ಕಿವುಡರು. ಬಾಲ್ಯದಿಂದ ಕಿವಿ ಕೇಳಿಸದವರು ನೋಟದ ಅಂಚಿನಲ್ಲಿ ಮೂಡುವ ಬೆಳಕಿಗೆ ಇತರರಿಗಿಂತ ಬೇಗ ಸ್ಪಂದಿಸುವುದನ್ನು ಹಲವು ಪ್ರಯೋಗಗಳು ತೋರಿಸಿವೆ. ಕಿವಿ ಮಾಡುತ್ತಿದ್ದ ಕಾವಲನ್ನು ಕಣ್ಣು ವಹಿಸಿಕೊಂಡಿರುತ್ತದೆ. ನಾವು ಅವರನ್ನು ‘ಕೊರತೆಯುಳ್ಳವರು’ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೇವೆ.

ಇನ್ನು ಕ್ರಿಕೆಟ್ ಆಟಗಾರರು. ಗಂಟೆಗೆ 140 ಕಿಲೋಮೀಟರು ವೇಗದ ಚೆಂಡು ಬ್ಯಾಟುಗಾರನನ್ನು ತಲುಪಲು ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಅವರ ಪ್ರತಿಕ್ರಿಯೆ ನಮ್ಮದಕ್ಕಿಂತ ಎಷ್ಟೋ ಪಟ್ಟು ಚುರುಕಾಗಿರಬೇಕೆಂದು ನಾವು ಭಾವಿಸುವುದು ಸಹಜ. ಪೀಟರ್ ಮ್ಯಾಕ್ಲಿಯಡ್ ಎಂಬ ಮನಶ್ಶಾಸ್ತ್ರಜ್ಞ 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನೆಲ ಮುಟ್ಟಿದ ಚೆಂಡು ಊಹಿಸಲಾಗದಂತೆ ತಿರುಗುವ ಏರ್ಪಾಟಿತ್ತು. ಅಂತರರಾಷ್ಟ್ರೀಯ ಮಟ್ಟದ ಆಟಗಾರರೂ ಬ್ಯಾಟನ್ನು ತಿದ್ದಿಕೊಳ್ಳಲು ಎಲ್ಲರಂತೆ ಸುಮಾರು 0.2 ಸೆಕೆಂಡು ತೆಗೆದುಕೊಂಡರು! 2000ದಲ್ಲಿ ಅವರೇ ಮೈಕೇಲ್ ಲ್ಯಾಂಡ್ ಎಂಬುವರೊಡನೆ ಬ್ಯಾಟುಗಾರರ ಕಣ್ಣಿನ ಚಲನೆಯನ್ನು ಹಿಂಬಾಲಿಸಿದಾಗ, ನುರಿತವನ ನೋಟ ಚೆಂಡಿಗಿಂತ ಮುಂಚೆಯೇ ಅದು ಪುಟಿಯುವ ಜಾಗಕ್ಕೆ ಹಾರಿ ಕಾದಿರುತ್ತದೆಂದು ತಿಳಿದುಬಂತು. ಗುಂಡಪ್ಪ ವಿಶ್ವನಾಥರ ಕೈಚಳಕವನ್ನು ನೋಡಿ ಬೆರಗಾದ ನಾವು, ಆ ಚಳಕದಲ್ಲಿ ಕೈಗಿಂತ ಮುನ್ನೋಟದ ಪಾಲೇ ಹಿರಿದೆಂದು ತಿಳಿಯಬೇಕು.

ಇಷ್ಟು ವಿಜ್ಞಾನ. ಇದರ ನೆರಳಿನಲ್ಲಿ ನಡೆದ ಅನ್ಯಾಯವನ್ನೂ ಹೇಳದೆ ಬಿಡುವಂತಿಲ್ಲ. ಲಂಡನ್ನಿನಲ್ಲಿ 1884ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಜನರ ದೇಹಶಕ್ತಿಗಳನ್ನು ಅಳೆಯುವ ಪ್ರಯೋಗಾಲಯವನ್ನು ತೆರೆದ. ಮೂರು ಪೆನ್ನಿ ಕೊಟ್ಟು 9,337 ಮಂದಿ ಅಲ್ಲಿ ತಮ್ಮನ್ನು ಅಳೆಸಿಕೊಂಡರು. ಇಂದ್ರಿಯಗಳ ಚುರುಕಿನಿಂದ ಬುದ್ಧಿಯ ಮೇಲುಕೀಳು ತಿಳಿಯಬಹುದೆಂಬುದು ಅವನ ನಂಬಿಕೆ. ಮೇಲಿನವರ ಸಂತತಿ ಮಾತ್ರ ಹೆಚ್ಚಬೇಕೆಂಬುದು ಆ ನಂಬಿಕೆಯ ಬೆನ್ನಿಗಿದ್ದ ಆಸೆ. ಅಮೆರಿಕದಲ್ಲಿ ಕ್ಲಾರ್ಕ್ ವಿಸ್ಲರ್ 1901ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಪ್ರತಿಕ್ರಿಯಾ ಕಾಲವನ್ನೂ ಅವರ ತರಗತಿಯ ಅಂಕಗಳನ್ನೂ ಹೋಲಿಸಿದಾಗ ಎರಡಕ್ಕೂ ಸಂಬಂಧವೇ ಇಲ್ಲವೆನ್ನುವಂತಾಯಿತು. ಮುಂದೆ ವಿಶಾಲವಾದ ಜನಸಮೂಹಗಳಲ್ಲಿ ಅಲ್ಪಸ್ವಲ್ಪ ಸಂಬಂಧ ಕಂಡಿದೆ ನಿಜ; ಅದರಿಂದ ಒಬ್ಬ ವ್ಯಕ್ತಿಯನ್ನು ತೂಗಲು ಬರುವಂತಿಲ್ಲ.

ಇದಕ್ಕಿಂತ ವಿಚಿತ್ರವಾದದ್ದು 1895ರಲ್ಲಿ ಬೇಚ್ ಎಂಬ ಅಮೆರಿಕನ್ ಬರೆದ ಪ್ರಬಂಧ. ಬಿಳಿಯರು, ಕರಿಯರು, ಅಮೆರಿಕದ ಮೂಲನಿವಾಸಿಗಳು—ಒಂದೊಂದು ಗುಂಪಿನಲ್ಲಿ ಹನ್ನೆರಡರ ಸುಮಾರು ಮಂದಿ. ಬೆಳಕು, ಸದ್ದು, ಸ್ಪರ್ಶಗಳಿಗೆ ಅವರ ಪ್ರತಿಕ್ರಿಯೆಯನ್ನು ಅಳೆಸಿದಾಗ ಬಿಳಿಯರೇ ಎಲ್ಲರಿಗಿಂತ ನಿಧಾನವಾಗಿದ್ದರು. ಬೇಚ್ ಎದೆಗುಂದಲಿಲ್ಲ. ಬಿಳಿಯರು ಚಿಂತನಶೀಲರು, ವಿಕಾಸದಲ್ಲಿ ಮೇಲೇರಿದವರು. ಆದ್ದರಿಂದಲೇ ಯಾಂತ್ರಿಕವಾದ ಪ್ರತಿಕ್ರಿಯೆಯಲ್ಲಿ ನಿಧಾನ ಎಂದು ಬರೆದ. ತಾನು ಮುಂದಿದ್ದರೆ ವೇಗವೇ ಹಿರಿಮೆ, ಹಿಂದೆ ಬಿದ್ದರೆ ನಿಧಾನವೇ ಹಿರಿಮೆ. ಕುಣಿಯಲಾರದವಳು ಅಂಗಳವೇ ಡೊಂಕೆಂದಳಂತೆ. ಇಲ್ಲಿ ಡೊಂಕನ್ನೇ ಕುಣಿತವೆಂದು ಒಪ್ಪಿಸಲು ಹೊರಟಂತಾಯಿತು. ಉಪಕರಣ ಸುಳ್ಳು ಹೇಳದಿರಬಹುದು. ತೀರ್ಪು ಮಾತ್ರ ಅಳೆಯುವುದಕ್ಕಿಂತ ಮುಂಚೆಯೇ ಸಿದ್ಧವಾಗಿತ್ತು.

ಸರಾಸರಿಗಳನ್ನು ಓದುವಾಗ ಇನ್ನೊಂದು ವಿವೇಕವೂ ಬೇಕು. ಒಬ್ಬನೇ ವ್ಯಕ್ತಿಯನ್ನು ಹತ್ತು ಸಲ ಪರೀಕ್ಷಿಸಿದರೆ ಹತ್ತು ಸಲವೂ ಒಂದೇ ಅಂಕಿ ಬರುವುದಿಲ್ಲ. ನಿದ್ದೆಗೆಟ್ಟರೆ ನಿಧಾನ, ಮದ್ಯ ಸೇವಿಸಿದ್ದರೆ ನಿಧಾನ, ಬೆಳಕು ಮಂದವಾದರೆ ನಿಧಾನ, ಸದ್ದು ಕ್ಷೀಣವಾದರೂ ನಿಧಾನ. ಗುಂಪು ಗುಂಪಿನ ನಡುವಣ ಅಂತರಕ್ಕಿಂತ ಗುಂಪಿನೊಳಗಿನ ಅಂತರ ಹಲವೆಡೆ ದೊಡ್ಡದಾಗಿರುತ್ತದೆ. ಹೀಗಿರುವಾಗ ‘ಮುದುಕರು’, ‘ಹೆಂಗಸರು’ ಎಂಬ ಹೆಸರು ಕೇಳಿದೊಡನೆ ಒಬ್ಬರ ಚುರುಕನ್ನು ಊಹಿಸುವುದು, ಊರಿನ ಸರಾಸರಿ ಎತ್ತರವನ್ನು ತಿಳಿದು ಒಬ್ಬನಿಗೆ ಅಂಗಿ ಹೊಲಿದಂತೆ.

ನನ್ನ ವಯಸ್ಸಿನವರಿಗೆ ಇದು ಕೇವಲ ಶಾಸ್ತ್ರವಿಚಾರವಲ್ಲ. ನನಗೆ ಈಗ ಅರುವತ್ತೇಳು. “ಅಪ್ಪ, ಇನ್ನು ಸ್ಕೂಟರ್ ಬಿಟ್ಟುಬಿಡಿ” ಎಂದು ಮಗ ಕಳೆದ ಯುಗಾದಿಯಿಂದ ಹೇಳುತ್ತಿದ್ದಾನೆ. ಅವನ ಮಾತಿನಲ್ಲಿ ಅಕ್ಕರೆಯಿದೆ ಎಂದು ಬಲ್ಲೆ. ಕೋಪಿಸಿಕೊಳ್ಳುವುದಕ್ಕಿಂತ ಅಳೆದು ನೋಡುವುದು ಮೇಲೆಂದು ಮೊಮ್ಮಗಳ ಮೂವತ್ತು ಸೆಂಟಿಮೀಟರಿನ ಅಳತೆಪಟ್ಟಿಯನ್ನು ತರಿಸಿದೆ. ಪಟ್ಟಿಯನ್ನು ಒಬ್ಬರು ನೆಟ್ಟಗೆ ತೂಗುಬಿಟ್ಟು ಹಿಡಿಯಬೇಕು. ಕೆಳತುದಿಯಲ್ಲಿ ಇನ್ನೊಬ್ಬರು ಬೆರಳುಗಳನ್ನು ತೆರೆದಿಟ್ಟುಕೊಂಡು, ಪಟ್ಟಿ ಜಾರಿದೊಡನೆ ಹಿಡಿಯಬೇಕು. ಹಲವು ಸಲ ಮಾಡಿ ಸರಾಸರಿ ತೆಗೆದಾಗ ಮೊಮ್ಮಗಳು ಹಿಡಿದದ್ದು 16 ಸೆಂಟಿಮೀಟರಿನ ಹತ್ತಿರ. ನಾನು 24ರ ಹತ್ತಿರ. ಬೀಳುವ ವಸ್ತುವಿನ ಲೆಕ್ಕದಂತೆ ಅವಳಿಗೆ 0.18 ಸೆಕೆಂಡು, ನನಗೆ 0.22. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಈ 0.04 ಸೆಕೆಂಡಿನೊಳಗೆ ಸ್ಕೂಟರು ಒಂದು ಮೊಳದಷ್ಟು ಮುಂದೆ ಹೋಗುತ್ತದೆ.

ಒಂದು ಮೊಳ ಅಲಕ್ಷ್ಯ ಮಾಡುವ ದೂರವಲ್ಲ. ಆದರೆ ರಸ್ತೆಯ ಪರೀಕ್ಷೆ ಗುಂಡಿ ಒತ್ತುವುದಕ್ಕಿಂತ ಕಠಿಣ. ಅನಿರೀಕ್ಷಿತವಾಗಿ ಅಡ್ಡ ಬಂದುದನ್ನು ಕಂಡು ಬ್ರೇಕು ಹಾಕಲು ಯಾವ ವಯಸ್ಸಿನವನಿಗಾದರೂ ಸೆಕೆಂಡಿಗಿಂತ ಹೆಚ್ಚು, ಒಂದೂವರೆ ಸೆಕೆಂಡಿನವರೆಗೂ ಹಿಡಿಯುತ್ತದೆ. ಒಂದೂವರೆ ಸೆಕೆಂಡಿನಲ್ಲಿ 40ರ ವೇಗದ ವಾಹನ ಸುಮಾರು 16.7 ಮೀಟರು ಹೋದರೆ, 30ರ ವೇಗದ್ದು 12.5 ಮೀಟರು ಮಾತ್ರ. ವಯಸ್ಸು ಕಿತ್ತುಕೊಂಡ ಮೊಳಕ್ಕೆ ಪ್ರತಿಯಾಗಿ ವೇಗವನ್ನು ಇಳಿಸಿದವನಿಗೆ ನಾಲ್ಕು ಮೀಟರು ಮರಳಿ ಬರುತ್ತದೆ. ಈ ಲೆಕ್ಕವನ್ನು ಮುದುಕರಿಗಿಂತ ಇಪ್ಪತ್ತರ ತರುಣರು ಕೇಳಬೇಕು. 60ರ ವೇಗದಲ್ಲಿ ಹೋಗುವವನಿಗೆ ಅದೇ ಒಂದೂವರೆ ಸೆಕೆಂಡಿಗೆ 25 ಮೀಟರು ಬೇಕು. ಅವನ ಹರೆಯದ ಚುರುಕು ಅದನ್ನು ಸರಿದೂಗಿಸಲಾರದು.

ಮಗನ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳುತ್ತಿಲ್ಲ. ಹಲವು ದಾರಿಗಳಲ್ಲಿ ಒಂದನ್ನು ಆರಿಸಬೇಕಾದಾಗ ಎಲ್ಲರಿಗೂ ಹೆಚ್ಚು ಹೊತ್ತು ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ನಾಲ್ಕು ರಸ್ತೆ ಕೂಡುವಲ್ಲಿ ಈ ಭೇದ ಎದ್ದು ಕಾಣುತ್ತದೆ. ಆದುದರಿಂದ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೇವೆ. 30ಕ್ಕಿಂತ ಹೆಚ್ಚಿನ ವೇಗವಿಲ್ಲ. ಮುಸ್ಸಂಜೆಯ ಮೇಲೆ ಸ್ಕೂಟರಿಲ್ಲ. ಕಣ್ಣು ಕಿವಿಗಳ ತಪಾಸಣೆ ವರ್ಷಕ್ಕೊಮ್ಮೆ. ವೃತ್ತದಲ್ಲಿ ಯಾವ ಕಡೆ ನೋಡಬೇಕೆಂದು ನಾನು ಗಲಿಬಿಲಿಗೊಂಡ ದಿನ ಬೀಗದ ಕೈ ಅವನಿಗೆ.

ಕೊನೆಯದಾಗಿ ಒಂದು ಪ್ರಯೋಗವನ್ನು ಹೇಳಿ ಮುಗಿಸುತ್ತೇನೆ. 1984ರಲ್ಲಿ ತಿಮೊಥಿ ಸಾಲ್ಟ್‌ಹೌಸ್ ಎಂಬ ಅಮೆರಿಕನ್ ಮನಶ್ಶಾಸ್ತ್ರಜ್ಞ 19ರಿಂದ 72 ವರ್ಷದವರೆಗಿನ ಬೆರಳಚ್ಚುಗಾರರನ್ನು ಪರೀಕ್ಷಿಸಿದರು. ಪ್ರತಿಕ್ರಿಯಾ ಕಾಲದಲ್ಲಿ ಹಿರಿಯರು ನಿರೀಕ್ಷೆಯಂತೆ ಹಿಂದೆ ಬಿದ್ದರು. ಬೆರಳಚ್ಚಿನ ವೇಗದಲ್ಲಿ ಹಿಂದೆ ಬೀಳಲಿಲ್ಲ. ಕಾರಣವೇನೆಂದರೆ ಹಿರಿಯರ ಕಣ್ಣು ಬೆರಳಿಗಿಂತ ಹೆಚ್ಚು ಅಕ್ಷರಗಳಷ್ಟು ಮುಂದೆ ಓದುತ್ತಿತ್ತು. ಕಳೆದುಕೊಂಡ ಚುರುಕನ್ನು ಅವರು ಮುಂದಾಲೋಚನೆಯಿಂದ ತುಂಬಿಕೊಂಡಿದ್ದರು.

ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಲ್ಲುವ ಅಜ್ಜಿ, ಬ್ಯಾಂಕಿನ ಕಿಟಕಿಯಲ್ಲಿ ಪ್ರಶ್ನೆಗೆ ತಡೆದು ಉತ್ತರಿಸುವ ಮುದುಕ, ಕರೆದರೆ ತಿರುಗದೆ ಕೈ ಬೀಸಿದರೆ ತಟ್ಟನೆ ತಿರುಗುವ ಕಿವುಡ ಹುಡುಗ—ಇವರಲ್ಲಿ ಯಾರನ್ನೂ ಮಂದಮತಿಗಳೆಂದು ಎಣಿಸುವ ಮುನ್ನ ಒಂದೆರಡು ಅಕ್ಷರಗಳ ಕಾಲ ಕಾಯೋಣ. ಅವರಿಗೆ ಬೇಕಾದುದು ಬಹುತೇಕ ಅಷ್ಟೇ.