ಮನೆಮಾತಿನ ಕನ್ನಡ, ಓದಿನ ಕನ್ನಡ

(ಸಂಘದ ವಾಚಕರ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



‘ನನ್ನ ಓದು ಮತ್ತು ಈಚಿನ ಪುಸ್ತಕಗಳು’ ಎಂಬ ವಿಷಯವನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ಇಂಥ ವಿಷಯಕ್ಕೆ ವಿಮರ್ಶಕರನ್ನೋ ಪ್ರಾಧ್ಯಾಪಕರನ್ನೋ ಕರೆಯುವುದು ವಾಡಿಕೆ. ನಾನು ಇವರಿಬ್ಬರಲ್ಲಿ ಯಾರೂ ಅಲ್ಲ. ಲೆಕ್ಕಪತ್ರದ ನೌಕರಿಯಲ್ಲಿ ಆಯುಷ್ಯ ಕಳೆದವನು. ಬಿಡುವು ದೊರೆತಾಗ, ಕೈಗೆ ಸಿಕ್ಕಿದ್ದನ್ನು, ಮನಸ್ಸಿಗೆ ಹಿಡಿಸಿದಷ್ಟು ಹೊತ್ತು ಓದುವವನು. ಹಿಡಿಸದ ಪುಸ್ತಕವನ್ನು ಐವತ್ತನೆಯ ಪುಟದಲ್ಲೇ ಮುಚ್ಚಿಡುವ ಸ್ವಾತಂತ್ರ್ಯ ವಿಮರ್ಶಕರಿಗಿಲ್ಲ, ನನಗುಂಟು. ಆ ಸ್ವಾತಂತ್ರ್ಯವನ್ನು ಧಾರಾಳವಾಗಿ ಬಳಸಿಕೊಂಡಿದ್ದೇನೆ.

ನಾನು ಕೆಲಸದ ನಿಮಿತ್ತ ಮದರಾಸಿಗೆ ಬಂದದ್ದು 1978ರಲ್ಲಿ. ಹೊರನಾಡಿನಲ್ಲಿ ಕನ್ನಡ ಪುಸ್ತಕ ಓದುವುದೆಂದರೆ ಮೊದಲು ಅದನ್ನು ಹುಡುಕುವುದು ಎಂದು ಬಂದ ಮೊದಲ ತಿಂಗಳಲ್ಲೇ ತಿಳಿಯಿತು. ‘ಕಸ್ತೂರಿ’ಯ ಕೊನೆಯಲ್ಲಿ ಬರುತ್ತಿದ್ದ ‘ಪುಸ್ತಕ ವಿಭಾಗ’ವೇ ಆಗ ನನ್ನ ಪಾಲಿನ ಗ್ರಂಥಾಲಯ. ಒಂದು ಇಡೀ ಗ್ರಂಥದ ಸಾರವನ್ನು ಕೆಲವೇ ಪುಟಗಳಲ್ಲಿ ಇಳಿಸುತ್ತಿದ್ದ ಆ ವಿದ್ಯೆ ಪಾ.ವೆಂ. ಆಚಾರ್ಯರಂಥವರಿಗೆ ಕರಗತವಾಗಿತ್ತು. ಧಾರವಾಡದ ಮನೋಹರ ಗ್ರಂಥಮಾಲೆಯದು ಇನ್ನೊಂದು ದಾರಿ. ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಆ ಮಾಲೆಗೆ ಚಂದಾದಾರರಾದರೆ ಪುಸ್ತಕಗಳು ಅಂಚೆಯಲ್ಲಿ ಮನೆಗೇ ಬರುತ್ತಿದ್ದವು. ಯಾವ ಪುಸ್ತಕ ಬರುವುದೆಂದು ಆರಿಸುವವರು ಅವರು, ಓದುವವರು ನಾವು. ನಾನಾಗಿಯೇ ಎಂದೂ ಕೊಳ್ಳದಿದ್ದ ನಾಟಕ, ವಿಮರ್ಶೆಗಳನ್ನು ಓದಿದ್ದು ಹಾಗೆ. ಮೂರನೆಯದು ಮೂರ್ ಮಾರ್ಕೆಟ್ಟಿನ ಹಳೆಯ ಪುಸ್ತಕಗಳ ರಾಶಿ. ಕೋಡಂಬಾಕದ ಸ್ಟುಡಿಯೋಗಳಲ್ಲಿ ಕನ್ನಡ ಚಿತ್ರಗಳು ತಯಾರಾಗುತ್ತಿದ್ದ ಕಾಲವದು; ಕಾದಂಬರಿಗಳಿಗೆ ಸಿನಿಮಾದವರಲ್ಲಿ ಬೇಡಿಕೆಯಿತ್ತು. ಅವರ ಮನೆಗಳಿಂದ ಹೊರಬಿದ್ದುವೋ ಏನೋ, ತ್ರಿವೇಣಿಯವರ ‘ಬೆಕ್ಕಿನ ಕಣ್ಣು’, ತ.ರಾ.ಸು., ಅ.ನ.ಕೃ. ಅವರ ಕಾದಂಬರಿಗಳು ತಮಿಳು ತೆಲುಗು ಪುಸ್ತಕಗಳ ನಡುವೆ ರಟ್ಟು ಹರಿದುಕೊಂಡು ಕುಳಿತಿರುತ್ತಿದ್ದವು. 1985ರಲ್ಲಿ ಆ ಮಾರುಕಟ್ಟೆ ಬೆಂಕಿಗೆ ಆಹುತಿಯಾದಾಗ ಈ ಊರಿನ ಎಷ್ಟೋ ಬಡ ಓದುಗರ ಶಾಲೆಯೇ ಮುಚ್ಚಿದಂತಾಯಿತು.

ಹಾಗೆಂದು ಈ ನಗರ ಕನ್ನಡದ ಪುಸ್ತಕಕ್ಕೆ ಪರಕೀಯವೇನಲ್ಲ. ದಕ್ಷಿಣ ಕನ್ನಡ 1956ರವರೆಗೂ ಮದರಾಸಿಗೆ ಸೇರಿತ್ತು. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿ ಪದವಿಯಿತ್ತದ್ದು ಮದರಾಸು ಸರಕಾರ. ಮಂಗಳೂರಿನಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟನ್ನು ಪರಿಷ್ಕರಿಸಿ 1968ರಿಂದ 1971ರ ನಡುವೆ ನಾಲ್ಕು ಸಂಪುಟಗಳಲ್ಲಿ ಹೊರತಂದದ್ದು ಮದರಾಸು ವಿಶ್ವವಿದ್ಯಾನಿಲಯ, ಪರಿಷ್ಕರಿಸಿದವರು ಎಂ. ಮರಿಯಪ್ಪ ಭಟ್ಟರು. ಎಗ್ಮೋರಿನ ಕನ್ನೆಮರಾ ಗ್ರಂಥಾಲಯ 1896ರಲ್ಲಿ ತೆರೆದದ್ದು. 1954ರ ಕೇಂದ್ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಪ್ರಕಟವಾಗುವ ಪ್ರತಿಯೊಂದು ಪುಸ್ತಕದ ಒಂದು ಪ್ರತಿಯನ್ನು ಪ್ರಕಾಶಕರು ಸ್ವಂತ ಖರ್ಚಿನಲ್ಲಿ ಕಳುಹಿಸಬೇಕಾದ ನಾಲ್ಕು ಗ್ರಂಥಾಲಯಗಳಲ್ಲಿ ಅದೂ ಒಂದು. ಗದಗಿನಲ್ಲೋ ಹಾಸನದಲ್ಲೋ ಒಂದು ಕನ್ನಡ ಪುಸ್ತಕ ಅಚ್ಚಾದರೆ ಅದಕ್ಕೆ ಈ ಊರಿನಲ್ಲಿ ಕಾನೂನುಬದ್ಧವಾದ ಒಂದು ವಿಳಾಸವಿದೆ. ನಮ್ಮಲ್ಲಿ ಬಹುಮಂದಿಗೆ ಆ ವಿಳಾಸದ ಹಾದಿ ಗೊತ್ತಿಲ್ಲ.

ಇನ್ನು ಈಚಿನ ಪುಸ್ತಕಗಳು. ‘ಈಚಿನ’ ಎಂಬ ಶಬ್ದಕ್ಕೆ ನನ್ನ ವಯಸ್ಸಿನವರ ಅರ್ಥ ತುಸು ಉದಾರ.

ಗಿರೀಶ ಕಾರ್ನಾಡರ ‘ಆಡಾಡತಾ ಆಯುಷ್ಯ’ 2011ರಲ್ಲಿ ಬಂತು, ಅದೇ ಮನೋಹರ ಗ್ರಂಥಮಾಲೆಯಿಂದ. ಅವರು 1963ರಿಂದ 1970ರವರೆಗೆ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನ ಮದರಾಸು ಶಾಖೆಯಲ್ಲಿ ಉದ್ಯೋಗಿಯಾಗಿದ್ದವರು. ‘ತುಘಲಕ್’ 1964ರದು, ‘ಸಂಸ್ಕಾರ’ ಚಿತ್ರವಾದಾಗ ಅದರಲ್ಲಿ ದುಡಿದವರಲ್ಲಿ ಮದರಾಸ್ ಪ್ಲೇಯರ್ಸ್ ತಂಡದವರು ಹಲವರು. ನಮ್ಮ ಸಮಾರಂಭಗಳಲ್ಲಿ ನಾವು ಮದರಾಸಿನ ಕನ್ನಡ ಪರಂಪರೆಯೆಂದು ಹೇಳಿಕೊಳ್ಳುವಾಗ ಹೋಟೆಲು, ಸಿನಿಮಾ, ಬ್ಯಾಂಕುಗಳ ಹೆಸರು ಬರುತ್ತದೆ. ಆಧುನಿಕ ಕನ್ನಡದ ಒಂದು ದೊಡ್ಡ ನಾಟಕ ಹುಟ್ಟಿದ ಕಾಲಕ್ಕೆ ಅದರ ಕರ್ತೃ ನಮ್ಮಂತೆಯೇ ಇಲ್ಲಿ ಬೆಳಿಗ್ಗೆ ಎದ್ದು ಕಚೇರಿಗೆ ಹೋಗುತ್ತಿದ್ದನೆಂಬುದು ಬರುವುದಿಲ್ಲ. ಆತ್ಮಕಥೆಯಲ್ಲಿ ಸ್ವಪ್ರಶಂಸೆ ಸ್ವಲ್ಪ ಇದೆ, ಅದು ಪ್ರಕಾರದ ಗುಣವೇ ಸರಿ. ಆದರೆ ತನ್ನವರ ವಿಷಯದಲ್ಲೂ ಮುಚ್ಚುಮರೆಯಿಲ್ಲದ ಆ ನಿರ್ಭಿಡೆಯ ಗದ್ಯ ಕನ್ನಡದ ಆತ್ಮಕಥೆಗಳಲ್ಲಿ ವಿರಳ.

ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ನಮ್ಮ ಕೂಟದಲ್ಲಿ ಅನೇಕರು ಮೆಚ್ಚಿದ ಪುಸ್ತಕ. ಲಿಸ್ಬನ್ನಿನ ತೇಜೋ ನದಿಯ ದಂಡೆಯ ಪ್ರೇಮವನ್ನೂ ವಿಜಯನಗರದ ಕಾಲದ ತುಂಗಭದ್ರೆಯ ದಂಡೆಯ ಬದುಕನ್ನೂ ಒಂದೇ ಹೆಣಿಗೆಯಲ್ಲಿ ತಂದಿರುವ ಸಾಹಸ ಅದು. ಯಹೂದಿಗಳಿಗೆ ಅಲ್ಲಿ ಒದಗಿದ ಹಿಂಸೆಯನ್ನೂ ಇಲ್ಲಿನ ಸತಿಯನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಯಾವುದನ್ನೂ ಬೇರೊಂದಕ್ಕೆ ಸಮಜಾಯಿಷಿಯಾಗಿ ಬಳಸದಿರುವುದು ಲೇಖಕರ ಸಂಯಮ. ಹಡಗಿನ ಪ್ರಯಾಣದ ಭಾಗವನ್ನು ನಾನು ಒಂದೇ ರಾತ್ರಿಯಲ್ಲಿ ಓದಿದೆ. ಆದರೂ ಕೆಲವೆಡೆ ಲೇಖಕರು ಕಲೆಹಾಕಿದ ಮಾಹಿತಿ ಪಾತ್ರಗಳ ತಲೆಯ ಮೇಲೆ ಹೊರೆಯಾಗಿ ಕುಳಿತಿದೆ ಎನಿಸಿತು. ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಇದಕ್ಕೆ ತದ್ವಿರುದ್ಧ: ಗಾತ್ರ ಸಣ್ಣದು, ಮಾತು ಕಡಿಮೆ, ಹೇಳದೆ ಬಿಟ್ಟದ್ದೇ ಹೆಚ್ಚು. ಅದರ ನಾಯಕ ವೆಂಕಟರಮಣ ನಮ್ಮ ನಿಮ್ಮಂಥ ಸಭ್ಯ ಗೃಹಸ್ಥ. ವ್ಯಕ್ತಿತ್ವ ವಿಕಸನದ ಪುಸ್ತಕಗಳನ್ನು ನಂಬಿ ಬದುಕಿದವನು. ಮಗಳನ್ನು ಕೇಳಿಕೊಂಡು ಇಬ್ಬರು ಹುಡುಗರು ಬಾಗಿಲು ತಟ್ಟುತ್ತಾರೆ, ಅಲ್ಲಿಂದ ಅವನ ಸಭ್ಯತೆಯ ಹೊಲಿಗೆಗಳು ಒಂದೊಂದಾಗಿ ಬಿಚ್ಚುತ್ತವೆ. ಹೆಂಡತಿ ಮಗಳ ಮುಂದೆ ತಾನು ಉದಾರಿಯೆಂದು ತಿಳಿದಿರುವ ಪ್ರತಿಯೊಬ್ಬ ಗಂಡಸೂ ಓದಬೇಕಾದ ಪುಸ್ತಕ. ಸುಖವಾಗಿ ಓದಬಹುದೆಂದು ಮಾತ್ರ ಹೇಳಲಾರೆ.

ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರಿನಲ್ಲಿ ನಮ್ಮನ್ನಗಲಿದರು. ಹೊರನಾಡ ಕನ್ನಡಿಗರ ಮನೆಯಲ್ಲಿ ಒಂದೇ ಕನ್ನಡ ಪುಸ್ತಕವಿದ್ದರೆ ಅದು ಬಹುಶಃ ಅವರದೇ. ‘ವಂಶವೃಕ್ಷ’ವನ್ನೂ ‘ಪರ್ವ’ವನ್ನೂ ನಾನು ಎರಡೆರಡು ಬಾರಿ ಓದಿದ್ದೇನೆ; ‘ಪರ್ವ’ದಲ್ಲಿ ದೇವತೆಗಳಿಲ್ಲದ ಮಹಾಭಾರತದ ಬಿಸಿಲು, ಧೂಳು, ಮುಪ್ಪು ಇಂದಿಗೂ ಮೈಗೆ ತಾಕುತ್ತದೆ. ‘ಆವರಣ’ದಲ್ಲಿ (2007) ವಾದ ಗೆದ್ದು ಕಥೆ ಸೋತಿತೆಂಬುದು ನನ್ನ ಅನಿಸಿಕೆ. ಇದನ್ನು ಹೇಳಿದ್ದಕ್ಕೆ ಈ ಸಭಾಂಗಣದಲ್ಲೇ ನನ್ನೊಡನೆ ಎರಡು ವಾರ ಮಾತು ಬಿಟ್ಟ ಸ್ನೇಹಿತರಿದ್ದಾರೆ. ಪುಸ್ತಕವೊಂದಕ್ಕಾಗಿ ಮಾತು ಬಿಡುವಷ್ಟು ಅದನ್ನು ಓದಿದವರೆಂಬ ಕಾರಣಕ್ಕೆ ಅವರ ಮೇಲೆ ನನಗೆ ಗೌರವ ಹೆಚ್ಚಿದೆ.

ಇಷ್ಟು ಪೀಠಿಕೆ. ನಾನು ಮುಖ್ಯವಾಗಿ ಹೇಳಬೇಕೆಂದು ಬಂದದ್ದು ಬಾನು ಮುಷ್ತಾಕರ ಕಥೆಗಳ ಕುರಿತು.

2025ರ ಮೇ ತಿಂಗಳಲ್ಲಿ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದ ಸುದ್ದಿ ತಿಳಿದಾಗ ನಮ್ಮ ಸಂಘದಲ್ಲಿಯೂ ಸಂಭ್ರಮಪಟ್ಟೆವು. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಕನ್ನಡದಿಂದ ಅನುವಾದವಾದ ಕೃತಿಗೆ ಸಂದದ್ದೂ ಮೊದಲು. ಸಂಭ್ರಮದ ಸಭೆಯಲ್ಲಿ ಆ ಕಥೆಗಳನ್ನು ಕನ್ನಡದಲ್ಲಿ ಓದಿದವರು ಕೈಯೆತ್ತಿ ಎಂದಾಗ ಎದ್ದ ಕೈಗಳನ್ನು ನಾನು ಎಣಿಸಿದೆ, ಸಂಖ್ಯೆ ಹೇಳುವುದಿಲ್ಲ. ಅವರು ಬರೆಯುತ್ತ ಬಂದದ್ದು ದಶಕಗಳಿಂದ. ‘ಕರಿ ನಾಗರಗಳು’ ಕಥೆಯನ್ನಾಧರಿಸಿ ಗಿರೀಶ ಕಾಸರವಳ್ಳಿಯವರು ‘ಹಸೀನಾ’ ಚಿತ್ರ ಮಾಡಿದ್ದು 2004ರಲ್ಲಿ.

ಪ್ರಶಸ್ತಿ ಬಂದ ತಿಂಗಳಲ್ಲೇ ನನ್ನ ಮೊಮ್ಮಗಳು ಇಂಗ್ಲಿಷ್ ಸಂಕಲನವನ್ನು ಕೊಂಡು ಓದಿದಳು. ಚೆನ್ನೈಯಲ್ಲೇ ಹುಟ್ಟಿ ಬೆಳೆದವಳು. ಮನೆಯಲ್ಲಿ ಅಚ್ಚ ಕನ್ನಡ, ಶಾಲೆಯಲ್ಲಿ ತಮಿಳು, ಇಂಗ್ಲಿಷ್. ದೀಪಾ ಭಾಸ್ತಿಯವರು ಕನ್ನಡ, ಉರ್ದು, ಅರಬ್ಬಿ ಶಬ್ದಗಳನ್ನು ಅನುವಾದದಲ್ಲಿ ಹಾಗೆಯೇ ಉಳಿಸಿ, ಓರೆ ಅಕ್ಷರಗಳನ್ನೂ ಅಡಿಟಿಪ್ಪಣಿಗಳನ್ನೂ ಬಿಟ್ಟಿದ್ದಾರೆ. ಮೂಲದ ಸದ್ದು ಓದುಗರಿಗೆ ಕೇಳಿಸಲೆಂಬ ಉದ್ದೇಶ ಅವರದು. ಅದು ಇವಳಿಗೆ ಕೇಳಿಸಿತು. “ಅಜ್ಜ, ಇದನ್ನ ಕನ್ನಡದಲ್ಲಿ ಓದಿ ಹೇಳ್ತೀರಾ?” ಎಂದಳು. ಸಂಕಲನಕ್ಕೆ ಹೆಸರು ಕೊಟ್ಟ ಕಥೆಯನ್ನೇ ಓದಿದೆ: ಗಂಡ ಬೇರೊಬ್ಬಳ ಹಿಂದೆ ಹೋಗಿ, ತವರಿನವರು ಮರ್ಯಾದೆಯ ಮಾತಾಡಿ ಮತ್ತೆ ಗಂಡನ ಮನೆಗೇ ತಂದುಬಿಟ್ಟ ಮೆಹರುನ್‌ಳ ಕಥೆ. ತಾಯಿಯನ್ನು ಸಾವಿನಿಂದ ಮಗಳು ತಡೆಯುವ ಪುಟಕ್ಕೆ ಬರುವಾಗ ಅವಳು ನನ್ನ ಕೈಯನ್ನು ಹಿಡಿದುಕೊಂಡಿದ್ದಳು. ಇಡೀ ಕಥೆಯಲ್ಲಿ ಅವಳು ಅರ್ಥ ಕೇಳಿದ್ದು ಮೂರೋ ನಾಲ್ಕೋ ಶಬ್ದಕ್ಕೆ. ಕನ್ನಡ ಅವಳಿಗೆ ಪೂರ್ತಿಯಾಗಿ ಇದೆ. ಇಲ್ಲದಿರುವುದು ನಲವತ್ತೊಂಬತ್ತು ಅಕ್ಷರಗಳು.

ಕಥೆಗಳ ಬಗ್ಗೆ ನನ್ನ ಅಭಿಪ್ರಾಯವನ್ನೂ ಹೇಳಿಬಿಡುತ್ತೇನೆ. ಕೆಲವು ಕಥೆಗಳು ಕೊನೆಯಲ್ಲಿ ದನಿಯೇರಿಸುತ್ತವೆಂದು ಆಕ್ಷೇಪಿಸುವವರಿದ್ದಾರೆ. ಇಂಗ್ಲಿಷಿನಲ್ಲಿ ಓದಿದಾಗ ನನಗೂ ಹಾಗೆ ತೋರಿತು. ಕನ್ನಡದಲ್ಲಿ ಗಟ್ಟಿಯಾಗಿ ಓದಿದಾಗ ತೋರಲಿಲ್ಲ. ದೇವರನ್ನೇ ನಿಲ್ಲಿಸಿ ಹೆಣ್ಣಾಗಿ ನೋಡೆಂದು ಕೇಳುವ ಕಥೆಯನ್ನು ಪಿಸುದನಿಯಲ್ಲಿ ಬರೆಯುವುದು ಹೇಗೆ? ಹೆಂಗಸರು ಹೆಂಗಸರನ್ನೇ ಕುಟುಕುವ ಮಾತಿನ ಹಾಸ್ಯ ಮಾತ್ರ ಅನುವಾದದಲ್ಲಿ ಸ್ವಲ್ಪ ಮಂಕಾಗಿದೆ, ಅದು ಅನುವಾದಕರ ದೋಷವಲ್ಲ.

ಬಾನು ಅವರ ಮನೆಮಾತು ಕನ್ನಡವಲ್ಲ, ದಖನಿ ಉರ್ದು. ಶಿವಮೊಗ್ಗದ ಕನ್ನಡ ಶಾಲೆಗೆ ಸೇರುವಾಗ ಆರು ತಿಂಗಳಲ್ಲಿ ಕನ್ನಡ ಓದಿ ಬರೆಯಲು ಕಲಿಯಬೇಕೆಂದು ಷರತ್ತು ಹಾಕಿದ್ದರಂತೆ. ಎಂಟು ವರ್ಷದ ಹುಡುಗಿ ಕೆಲವೇ ದಿನಗಳಲ್ಲಿ ಕಲಿತಳು. ಈ ಸಂಗತಿಯನ್ನು ಓದಿದ ಮೇಲೆ ನಾನು ನಮ್ಮ ಕಪಾಟಿನತ್ತ ತಿರುಗಿ ನೋಡಿದೆ. ಮಾಸ್ತಿಯವರ ಮನೆಮಾತು ತಮಿಳು; ಅವರು 1914ರಲ್ಲಿ ಎಂ.ಎ. ಮಾಡಿದ್ದೂ ಇದೇ ಮದರಾಸಿನಲ್ಲಿ. ಪು.ತಿ.ನ. ಅವರದೂ ತಮಿಳು. ಬೇಂದ್ರೆಯವರದು ಮರಾಠಿ. ಗೋವಿಂದ ಪೈಗಳದು ಕೊಂಕಣಿ. ಇವರೆಲ್ಲರೂ ತೊಟ್ಟಿಲಲ್ಲಿ ಕೇಳದ ಕನ್ನಡಕ್ಕೆ ಶಾಲೆಯ, ಬೀದಿಯ, ಪುಸ್ತಕದ ದಾರಿಯಿಂದ ಬಂದವರು. ನಾವು ತೊಟ್ಟಿಲ ಕನ್ನಡವನ್ನು ಜತನದಿಂದ ಉಳಿಸಿಕೊಂಡು ಅಕ್ಷರದ ದಾರಿಯನ್ನು ಮಕ್ಕಳಿಗೆ ಮುಚ್ಚಿದ್ದೇವೆ. ‘ಮನೆಯಲ್ಲಿ ಕನ್ನಡವೇ ಮಾತಾಡುತ್ತೇವೆ’ ಎಂಬ ಹೆಮ್ಮೆ ನಮ್ಮದು. ಮನೆಮಾತು ಅಡುಗೆಮನೆ, ಹಬ್ಬ, ಜಗಳಕ್ಕೆ ಸಾಲುತ್ತದೆ. ಮೆಹರುನ್‌ಳ ಮನೆಯವರೆಗೆ ಒಯ್ಯುವುದಿಲ್ಲ.

ಇದರಲ್ಲಿ ರಾಜಕೀಯವೂ ಇದೆ. 2006ರ ತಮಿಳು ಕಲಿಕೆ ಕಾಯ್ದೆಯಿಂದ ತಮಿಳುನಾಡಿನ ಶಾಲೆಗಳಲ್ಲಿ ಒಂದನೆಯ ತರಗತಿಯಿಂದ ಹಂತಹಂತವಾಗಿ ತಮಿಳು ಕಡ್ಡಾಯವಾಯಿತು. ಅಲ್ಪಸಂಖ್ಯಾತ ಭಾಷೆಗಳು ಐಚ್ಛಿಕ ವಿಷಯದ ಮೂಲೆಗೆ ಸರಿದವು. ಈ ನೆಲದ ಅನ್ನ ಉಣ್ಣುವವರು ತಮಿಳು ಕಲಿಯಬೇಕೆಂಬುದರಲ್ಲಿ ನನಗೆ ಎರಡು ಮಾತಿಲ್ಲ. ತಮಿಳು ಓದುವುದರಿಂದ ನನಗೆ ಲಾಭವೇ ಆಗಿದೆ: ನೇಮಿಚಂದ್ರರ ‘ಯಾದ್ ವಶೇಮ್’ ಕಾದಂಬರಿಯ ಬಗ್ಗೆ ನನಗೆ ಮೊದಲು ಹೇಳಿದವರು ನೆರೆಮನೆಯ ತಮಿಳು ಮಿತ್ರರು. ಕೆ. ನಲ್ಲತಂಬಿಯವರ ಅನುವಾದದಲ್ಲಿ ಅವರು ಓದಿದ್ದರು. ಆ ಅನುವಾದಕ್ಕೆ 2022ರ ಸಾಹಿತ್ಯ ಅಕಾದೆಮಿ ಬಹುಮಾನವೂ ಬಂತು. ಆದರೆ ತಾಳವಾಡಿ, ಹೊಸೂರಿನ ಕನ್ನಡ ಶಾಲೆಗಳ ಮಕ್ಕಳ ಪ್ರಶ್ನೆ ಬೇರೆ, ಅದು ಹಕ್ಕಿನ ಪ್ರಶ್ನೆ. ಅದಕ್ಕಾಗಿ ಹೋರಾಡುವವರ ಜೊತೆ ನಾವು ನಿಲ್ಲಬೇಕು. ಚೆನ್ನೈಯ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಬಾರದೆಂದು ಯಾವ ಕಾಯ್ದೆಯೂ ಹೇಳಿಲ್ಲ.

ಕಲಿಸುವಾಗ ದಯವಿಟ್ಟು ಅಭಿಮಾನವನ್ನು ಪಕ್ಕಕ್ಕಿಡಿ. ನವೆಂಬರಿನಲ್ಲಿ ಮಕ್ಕಳ ಕೈಗೆ ಮಹಾಕಾವ್ಯಗಳ ಗದ್ಯಾನುವಾದ ಬಹುಮಾನ ಕೊಟ್ಟು ಅವು ಕಪಾಟು ಸೇರುವುದನ್ನು ಬಹಳ ವರ್ಷ ನೋಡಿದ್ದೇನೆ. ತೇಜಸ್ವಿಯವರ ‘ಕರ್ವಾಲೊ’ ಕೊಡಿ. ಹಾರುವ ಓತಿಯ ಹಿಂದೆ ಕಾಡು ಹೊಕ್ಕ ಮಗು ಒತ್ತಕ್ಷರಕ್ಕೆ ಹೆದರುವುದಿಲ್ಲ. ನನ್ನ ಮೊಮ್ಮಗಳು ಈಗ ಅದರ ಅರವತ್ತನೆಯ ಪುಟದಲ್ಲಿದ್ದಾಳೆ, ಮಂದಣ್ಣನ ಜೊತೆ.

ಎರಡನೆಯ ಮಾತು ಸಂಘಕ್ಕೆ. ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಕಾಯ್ದೆ ಮದರಾಸಿನದು, 1948ರದು, ಎಸ್.ಆರ್. ರಂಗನಾಥನ್ ಅವರ ಪರಿಶ್ರಮದ ಫಲ. ಆಗ ಅದು ಮಂಗಳೂರಿಗೂ ಬಳ್ಳಾರಿಗೂ ಅನ್ವಯವಾಗುತ್ತಿತ್ತು. ಅದರಂತೆ ಇಂದಿಗೂ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ತೆರುತ್ತಿದ್ದೇವೆ. ಕನ್ನಡಿಗರು ಹೆಚ್ಚಾಗಿ ನೆಲೆಸಿರುವ ಬಡಾವಣೆಗಳ ಶಾಖಾ ಗ್ರಂಥಾಲಯಗಳಲ್ಲಿ ಒಂದೊಂದು ಕಪಾಟು ಕನ್ನಡ ಪುಸ್ತಕ ಇಡಿ ಎಂದು ಕೇಳುವುದು ಭಿಕ್ಷೆಯಲ್ಲ, ಕೊಟ್ಟ ಹಣದ ಲೆಕ್ಕ. ಲೆಕ್ಕಪತ್ರದವನಾದ್ದರಿಂದ ಇಷ್ಟು ಧೈರ್ಯವಾಗಿ ಹೇಳುತ್ತಿದ್ದೇನೆ. ಸ್ಥಳೀಯ ಗ್ರಂಥಾಲಯ ಪ್ರಾಧಿಕಾರಕ್ಕೆ ಸಲ್ಲಿಸಬೇಕಾದ ಮನವಿಯ ಕರಡನ್ನು ತಮಿಳಿನಲ್ಲೂ ಕನ್ನಡದಲ್ಲೂ ಬರೆದು ತಂದಿದ್ದೇನೆ. ಬೇಕಾದ ಪುಸ್ತಕಗಳ ಪಟ್ಟಿಗೆ ಎರಡು ಹಾಳೆ ಖಾಲಿ ಬಿಟ್ಟಿದೆ. ತಾವು ಓದಿ ಮುಗಿಸಿದ, ಇನ್ನೊಬ್ಬರೂ ಓದಲೆಂದು ಬಯಸುವ ಹೆಸರುಗಳನ್ನಷ್ಟೇ ಅದರಲ್ಲಿ ಬರೆಯಿರಿ. ಸಹಿಯ ಪಕ್ಕದಲ್ಲಿ ತೆರಿಗೆ ರಸೀದಿಯ ಸಂಖ್ಯೆಗೆ ಜಾಗವಿದೆ. ಕಾಗದ ಬಾಗಿಲ ಬಳಿಯ ಮೇಜಿನ ಮೇಲಿದೆ.